ಸೆರೆಮನೆಯ ಅಂಗಳದಲ್ಲಿ ಪ್ರಜಾಪ್ರಭುತ್ವದ ಪಾಠ

(ಸಂಘದ ಯುವ ವಿಭಾಗವು ಏರ್ಪಡಿಸಿದ್ದ ನಾಯಕತ್ವ ಶಿಬಿರದ ಉದ್ಘಾಟನೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾಳಿನ ನಾಯಕರ ತರಬೇತಿಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ನಾಯಕರನ್ನು ತರಬೇತಿ ಕೊಟ್ಟು ಸಿದ್ಧಪಡಿಸಬಹುದೇ ಎಂಬ ಸಂದೇಹ ನನ್ನಲ್ಲಿ ಬಹುಕಾಲದಿಂದ ಇದೆ. 1989ರಲ್ಲಿ ಬರ್ಲಿನ್ನಿನ ಗೋಡೆ ಉರುಳಿದ ಮೇಲೆ, ಸರ್ವಾಧಿಕಾರದಿಂದ ಪ್ರಜಾಪ್ರಭುತ್ವದ ಕಡೆಗೆ ಹೊರಳುತ್ತಿದ್ದ ದೇಶಗಳಲ್ಲಿ ಇಂಥ ತರಬೇತಿಗಳ ಸುಗ್ಗಿಯೇ ನಡೆಯಿತು. ಎರಡು ವಾರಗಳ ಶಿಬಿರ, ಕೊನೆಯ ದಿನ ಒಂದು ಪ್ರಮಾಣಪತ್ರ, ಒಂದು ಗುಂಪುಚಿತ್ರ. ಅವುಗಳಿಂದ ಏನೂ ಆಗಲಿಲ್ಲವೆಂದು ಹೇಳುವಷ್ಟು ಸಿನಿಕ ನಾನಲ್ಲ. ಆದರೆ ಮಾನವ ಹಕ್ಕುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೆಲ್ಲ ಅಧಿಕಾರ ಕೈಗೆ ಬಂದಾಗ ಆ ಪಟ್ಟಿಯನ್ನು ನೆನೆಯಲಿಲ್ಲವೆಂಬುದೂ ನಾವು ಕಂಡ ಸತ್ಯವೇ. ಹಾಗಾದರೆ ಈ ವಿದ್ಯೆಯನ್ನು ಕಲಿಯುವುದು ಎಲ್ಲಿ, ಕಲಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟ ನನಗೆ ಸಿಕ್ಕಿದ್ದು ದಕ್ಷಿಣ ಆಫ್ರಿಕದ ಒಂದು ಸೆರೆಮನೆ.

ಕೇಪ್‌ಟೌನಿನ ಕಡಲಾಚೆ ಇರುವ ರಾಬೆನ್ ದ್ವೀಪದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ನೆಲ್ಸನ್ ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 1964ರಿಂದ 1982ರವರೆಗಿನ ಹದಿನೆಂಟು ವರ್ಷಗಳನ್ನು ಅಲ್ಲಿಯೇ ಕಳೆದರು. ವರ್ಣಭೇದದ ಸರಕಾರ ಅಲ್ಲಿ ಅನ್ನ ಬಟ್ಟೆಗಳನ್ನೂ ಚರ್ಮದ ಬಣ್ಣ ನೋಡಿಯೇ ಹಂಚುತ್ತಿತ್ತು. ಭಾರತೀಯ ಮೂಲದ ಅಹ್ಮದ್ ಕಥ್ರಾಡಾ ರಿವೋನಿಯಾ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿ ಆ ದ್ವೀಪಕ್ಕೆ ಬಂದವರಲ್ಲಿ ಎಲ್ಲರಿಗಿಂತ ಕಿರಿಯರು. ಅವರಿಗೆ ಉದ್ದನೆಯ ಷರಾಯಿ ಕೊಟ್ಟರು. ಅವರಿಗಿಂತ ಹಿರಿಯರಾದ ಮಂಡೇಲಾ, ವಾಲ್ಟರ್ ಸಿಸುಲು ಮೊದಲಾದ ಕರಿಯ ಕೈದಿಗಳಿಗೆ ಮೊಣಕಾಲ ಮೇಲಿನ ಚಡ್ಡಿ. ಭಾರತೀಯ ಕೈದಿಗೆ ಬ್ರೆಡ್ಡು ಉಂಟು, ಕರಿಯ ಕೈದಿಗೆ ಇಲ್ಲ. ಇಂಥ ಸಣ್ಣ ಸವಲತ್ತುಗಳಿಂದ ಒಡನಾಡಿಗಳನ್ನು ಒಡೆಯಬಹುದೆಂಬುದು ಆಳುವವರ ಎಣಿಕೆ. ಸಿಕ್ಕಿದ್ದನ್ನು ಬಿಟ್ಟುಕೊಡುವುದು ಬೇಡ, ಸಿಗದವರಿಗೂ ಅದನ್ನೇ ಕೊಡಿಸಲು ಎಲ್ಲರೂ ಸೇರಿ ಹೋರಾಡೋಣ ಎಂಬುದು ಕೈದಿಗಳು ಕಂಡುಕೊಂಡ ನೀತಿ. ಮಾನವ ಹಕ್ಕುಗಳ ಮೊದಲ ಪಾಠವನ್ನು ಅವರು ಊಟದ ತಟ್ಟೆಯಿಂದಲೇ ಕಲಿತರು.

ಎರಡನೆಯ ಪಾಠ ಸುಣ್ಣಕಲ್ಲಿನ ಗಣಿಯಲ್ಲಿ. ಕಣ್ಣು ಕೋರೈಸುವ ಬಿಸಿಲಲ್ಲಿ ಹಾರೆ ಗುದ್ದಲಿ ಹಿಡಿದು ದುಡಿಯುತ್ತಲೇ ಅವರು ಗುಂಪುಗುಂಪಾಗಿ ಪಾಠ ನಡೆಸಿದರು. ಸಿಸುಲು ತಮ್ಮ ಪಕ್ಷದ ಚರಿತ್ರೆಯನ್ನು ಹೇಳಿಕೊಟ್ಟರು. ಮಂಡೇಲಾ ರಾಜಕೀಯ ಅರ್ಥಶಾಸ್ತ್ರದ ಪಾಠ ಮಾಡಿದರು. ಬೇರೆ ವಿಭಾಗದ ಕೈದಿಗಳಿಗಾಗಿ ಆ ಉಪನ್ಯಾಸಗಳು ಚೀಟಿಗಳಲ್ಲಿ ಸಣ್ಣಕ್ಷರವಾಗಿ ಗುಟ್ಟಾಗಿ ದಾಟಿದವು. ಅಕ್ಷರ ಬಲ್ಲವನು ಬಲ್ಲದವನಿಗೆ ಕಲಿಸಬೇಕೆಂಬುದು ಅಲ್ಲಿನ ಕಟ್ಟಳೆ. ಅನುಮತಿ ದೊರೆತವರು ಅಂಚೆಯ ಮೂಲಕ ದಕ್ಷಿಣ ಆಫ್ರಿಕ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತರು. ಕಥ್ರಾಡಾ ಸೆರೆಯಲ್ಲಿದ್ದುಕೊಂಡೇ ಹಲವು ಪದವಿಗಳನ್ನು ಗಳಿಸಿದರು.

ಇದನ್ನು ಓದುವಾಗಲೆಲ್ಲ ನನಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ನೆನಪಾಗುತ್ತವೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಹಲಗೆಯ ಮುಂದೆ ತೂಕಡಿಸುತ್ತ ಕುಳಿತ ಹುಡುಗರಲ್ಲಿ ನಾನೂ ಒಬ್ಬ. ಸೆರೆಮನೆಗೂ ನಮ್ಮ ಬಡತನಕ್ಕೂ ಹೋಲಿಕೆ ಸಲ್ಲದು, ನಾನು ಬಲ್ಲೆ. ಆದರೆ ದಣಿದ ಮೈಯಲ್ಲಿ ಕಲಿತ ವಿದ್ಯೆಯ ರುಚಿ ಎಂಥದೆಂಬುದು ನಮ್ಮ ತಲೆಮಾರಿನವರಿಗೆ ಗೊತ್ತು.

ಈಗ ಮೂರನೆಯ ಪಾಠಕ್ಕೆ ಬರುತ್ತೇನೆ. ಇದು ಫುಟ್‌ಬಾಲಿನದು. ಯುವಮಿತ್ರರು ಇದನ್ನು ಗಮನವಿಟ್ಟು ಕೇಳಬೇಕು.

1960ರ ದಶಕದಲ್ಲಿ ಆ ದ್ವೀಪದ ಸಾಮಾನ್ಯ ವಿಭಾಗದ ಕೈದಿಗಳು ಚೆಂಡಾಟಕ್ಕೆ ಅನುಮತಿ ಬೇಡಿದರು. ಕೇಳಿದ್ದಕ್ಕಾಗಿ ಶಿಕ್ಷೆಯಾಯಿತು, ಮತ್ತೆ ಕೇಳಿದರು. ವರ್ಷಗಳ ಕಾಲ ಪಟ್ಟುಹಿಡಿದ ಮೇಲೆ ಅನುಮತಿ ಸಿಕ್ಕಿತು. ಆಗ ಅವರು ಮಾಡಿದ್ದೇನು? ಸಂಘವನ್ನೇ ಕಟ್ಟಿದರು. 1819ರಲ್ಲಿ ಬ್ರಿಟಿಷರು ಅದೇ ದ್ವೀಪಕ್ಕೆ ಗಡೀಪಾರು ಮಾಡಿದ್ದ, ತಪ್ಪಿಸಿಕೊಳ್ಳಲು ಹೋಗಿ ಕಡಲಲ್ಲಿ ಮುಳುಗಿದ ಷೋಸಾ ಜನಾಂಗದ ವೀರನ ಹೆಸರಿನಲ್ಲಿ ಅದನ್ನು ಮಕಾನಾ ಫುಟ್‌ಬಾಲ್ ಸಂಘವೆಂದು ಕರೆದರು. ಅದಕ್ಕೊಂದು ನಿಯಮಾವಳಿ, ಚುನಾಯಿತ ಸಮಿತಿ, ತೀರ್ಪುಗಾರರ ಮಂಡಲಿ, ಶಿಸ್ತು ಸಮಿತಿ, ಮೇಲ್ಮನವಿಯ ವ್ಯವಸ್ಥೆ. ಆಟ ನಡೆಯುವುದು ಫಿಫಾ ನಿಯಮಗಳಂತೆ. ಪ್ರತಿ ಸಭೆಗೂ ನಡಾವಳಿ. ಒಂದೇ ಕೊಠಡಿಯಲ್ಲಿ ಮಲಗುವ ಇಬ್ಬರು ಪದಾಧಿಕಾರಿಗಳು ಸಹ ಪರಸ್ಪರ "ಮಾನ್ಯರೇ" ಎಂದು ಸಂಬೋಧಿಸಿ ಪತ್ರ ಬರೆದುಕೊಳ್ಳುತ್ತಿದ್ದರು. ಆ ಕಾಗದಪತ್ರಗಳು ಇಂದಿಗೂ ವೆಸ್ಟರ್ನ್ ಕೇಪ್ ವಿಶ್ವವಿದ್ಯಾನಿಲಯದ ಪತ್ರಾಗಾರದಲ್ಲಿ ಪೆಟ್ಟಿಗೆಗಟ್ಟಲೆ ಉಳಿದಿವೆ. 2007ರಲ್ಲಿ ಫಿಫಾ ಈ ಸಂಘಕ್ಕೆ ಗೌರವ ಸದಸ್ಯತ್ವವನ್ನು ನೀಡಿತು.

ಮೊದಮೊದಲು ತಂಡಗಳು ರಾಜಕೀಯ ಪಕ್ಷಗಳ ಮೇರೆಗೇ ರೂಪುಗೊಂಡವು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನವರದೊಂದು, ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ಸಿನವರದೊಂದು. ಮನೋಂಗ್ ಎಂಬ ತಂಡ ಈ ಗೋಡೆಯನ್ನು ಒಡೆಯಿತು. ಅಲ್ಲಿ ಪಕ್ಷವನ್ನು ಕೇಳುತ್ತಿರಲಿಲ್ಲ, ಆಟವನ್ನು ನೋಡುತ್ತಿದ್ದರು. 1970ರಲ್ಲಿ ಅಟ್ಲಾಂಟಿಕ್ ರೇಡರ್ಸ್ ಎಂಬ ತಂಡದವರು ತಮ್ಮ ವಿರುದ್ಧ ಕೊಟ್ಟ ಒಂದು ಗೋಲನ್ನು ಒಪ್ಪದೆ ಮೈದಾನದಲ್ಲಿಯೇ ಅಡ್ಡ ಮಲಗಿ ಆಟವನ್ನು ತಡೆದರು. ಆ ಒಂದು ಪ್ರಕರಣದ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಆಪಾದನೆ, ಲಿಖಿತ ಉತ್ತರ, ಸಾಕ್ಷ್ಯ, ವಾದ, ಪ್ರತಿವಾದ! ಹೊರಗಿನ ನ್ಯಾಯಾಲಯಗಳಲ್ಲಿ ತಮಗೆ ಸಿಗದ ನ್ಯಾಯವನ್ನು ಈ ಕೈದಿಗಳು ಒಂದು ಗೋಲಿನ ವಿಷಯದಲ್ಲಿ ಒಬ್ಬರಿಗೊಬ್ಬರು ನಿರಾಕರಿಸಲಿಲ್ಲ. ನಗು ಬರುತ್ತದೆಯೇ? ನನಗೂ ಮೊದಲು ನಗು ಬಂದಿತ್ತು. ಆಮೇಲೆ ಯೋಚಿಸಿದಾಗ, ಬಹುಮತ ಎಷ್ಟೇ ಕೋಪಗೊಂಡಿರಲಿ, ಆಪಾದಿತನ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಕಲಿಯುವ ಶಾಲೆ ಇನ್ನೊಂದಿರಲಾರದು ಎನ್ನಿಸಿತು.

ಈ ಸಂಘದ ಅಧ್ಯಕ್ಷರಾಗಿದ್ದವರಲ್ಲಿ ಡಿಕ್‌ಗ್ಯಾಂಗ್ ಮೊಸೆನೆಕೆ ಒಬ್ಬರು. 1963ರಲ್ಲಿ ಹದಿನೈದು ವರ್ಷದ ಶಾಲಾಬಾಲಕನಾಗಿದ್ದಾಗ ಬಂಧಿತರಾಗಿ, ಹತ್ತು ವರ್ಷ ಆ ದ್ವೀಪದಲ್ಲಿದ್ದು, ಅಲ್ಲಿಯೇ ಶಾಲೆಯನ್ನೂ ಪದವಿಯನ್ನೂ ಮುಗಿಸಿ ಹೊರಬಂದವರು. ಅದೇ 1963ರಲ್ಲಿ ಬಂಧನಕ್ಕೊಳಗಾಗಿ ಅಲ್ಲಿಯೇ ಹತ್ತು ವರ್ಷ ಕಳೆದ ಮತ್ತೊಬ್ಬ ಯುವಕ ಒಳ್ಳೆಯ ಆಟಗಾರ, ಮೈದಾನದಲ್ಲಿ ಸೀಟಿ ಹಿಡಿದು ತೀರ್ಪುಗಾರನೂ ಆಗಿದ್ದವನು. ಆತನ ಹೆಸರು ಜೇಕಬ್ ಜುಮಾ. ಈ ಎರಡು ಹೆಸರುಗಳನ್ನು ನೆನಪಿನಲ್ಲಿಡಿ.

ಕಾಲ ಹೊರಳಿತು. 1990ರಲ್ಲಿ ಮಂಡೇಲಾ ಬಿಡುಗಡೆಯಾದರು. 1991ರ ಡಿಸೆಂಬರಿನಲ್ಲಿ ಬಹುಪಕ್ಷೀಯ ಮಾತುಕತೆ ಆರಂಭವಾಯಿತು. 1994ರ ಏಪ್ರಿಲ್ ಚುನಾವಣೆಯಲ್ಲಿ ಎರಡು ಕೋಟಿಗೆ ಸಮೀಪದಷ್ಟು ಜನ ಮತ ಹಾಕಿದರು. ಅವರಲ್ಲಿ ಬಹುಪಾಲು ಜನಕ್ಕೆ ಅದು ಬಾಳಿನ ಮೊದಲ ಮತ. ಅದಕ್ಕೆ ಮೊದಲು ಇಗರ್ಜಿಗಳು, ಕಾರ್ಮಿಕ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು ಊರೂರಿಗೆ ಹೋಗಿ ಅಣಕು ಮತದಾನ ನಡೆಸಿ ಕಲಿಸಿದ್ದವು. ಡರ್ಬನ್ನಿನ ನತಾಲ್ ವಿಶ್ವವಿದ್ಯಾನಿಲಯದಿಂದ 1986ರಲ್ಲಿ ಹೊರಟ 'ಸ್ಟ್ರೀಟ್ ಲಾ' ಎಂಬ ಕಾರ್ಯಕ್ರಮವು ಕಾನೂನು ವಿದ್ಯಾರ್ಥಿಗಳನ್ನು ಶಾಲೆಗಳಿಗೆ ಕಳುಹಿಸಿ, ಅಣಕು ನ್ಯಾಯಾಲಯಗಳ ಮೂಲಕ ಮಕ್ಕಳಿಗೆ ಹಕ್ಕುಗಳ ಪಾಠ ಹೇಳಿಸುತ್ತಿತ್ತು. ತರಬೇತಿಯ ಬಗ್ಗೆ ಸಂದೇಹಪಡುವ ನಾನು ಸಹ ಇಂಥ ಕೆಲಸಕ್ಕೆ ತಲೆಬಾಗುತ್ತೇನೆ. ಏಕೆಂದರೆ ಇಲ್ಲಿ ಪಾಠಕ್ಕಿಂತ ಅಭ್ಯಾಸಕ್ಕೆ ಮೊದಲ ಸ್ಥಾನ.

1996ರ ಡಿಸೆಂಬರ್ 10ರಂದು, ಅಂದರೆ ವಿಶ್ವ ಮಾನವ ಹಕ್ಕುಗಳ ದಿನದಂದು, ಮಂಡೇಲಾ ಹೊಸ ಸಂವಿಧಾನಕ್ಕೆ ಸಹಿ ಹಾಕಿದರು. ಸ್ಥಳ ಷಾರ್ಪ್‌ವಿಲ್, 1960ರಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದ ಊರು. ಭಾಷೆಯ ಮಮತೆಯುಳ್ಳ ನಮಗೆ ಕುತೂಹಲ ಹುಟ್ಟಿಸುವ ಒಂದು ಸಂಗತಿಯುಂಟು: ಆ ಸಂವಿಧಾನ ಹನ್ನೊಂದು ಭಾಷೆಗಳಿಗೆ ಅಧಿಕೃತ ಸ್ಥಾನವನ್ನಿತ್ತು, ವಲಸೆ ಬಂದವರ ತಮಿಳು, ತೆಲುಗು, ಹಿಂದಿ, ಗುಜರಾತಿ, ಉರ್ದುಗಳನ್ನೂ ಹೆಸರಿಸಿ ಅವುಗಳಿಗೆ ಗೌರವ ಸಲ್ಲಬೇಕೆಂದಿತು. ಆ ಸಂವಿಧಾನವನ್ನು ಕಾಯುವ ನ್ಯಾಯಾಲಯ 2004ರಿಂದ ಇರುವುದು ಜೋಹಾನ್ಸ್‌ಬರ್ಗಿನ ಹಳೆಯ ಕೋಟೆ ಸೆರೆಮನೆಯ ನಿವೇಶನದಲ್ಲಿ. ಗಾಂಧೀಜಿಯವರನ್ನು 1908ರಲ್ಲಿ ಇಟ್ಟಿದ್ದ ಸೆರೆಮನೆಯದು. ಕೆಡವಿದ ಕಟ್ಟಡದ ಇಟ್ಟಿಗೆಗಳನ್ನೇ ಹೊಸ ನ್ಯಾಯಾಲಯಕ್ಕೆ ಬಳಸಿದ್ದಾರೆ.

ಅಧಿಕಾರಕ್ಕೆ ಬಂದ ನಂತರವೇ ನಿಜವಾದ ಪರೀಕ್ಷೆ. 1995ರಲ್ಲಿ ಇನ್ನೂ ಕೂಸಾಗಿದ್ದ ಆ ನ್ಯಾಯಾಲಯವು ಮಂಡೇಲಾ ಹೊರಡಿಸಿದ್ದ ಘೋಷಣೆಗಳನ್ನೇ ರದ್ದುಗೊಳಿಸಿತು. ಇಡೀ ಜಗತ್ತು ಪೂಜಿಸುತ್ತಿದ್ದ ವ್ಯಕ್ತಿಯಾದ ಅವರು ಜನರೆದುರು ಆ ತೀರ್ಪನ್ನು ಕೂಡಲೇ ಒಪ್ಪಿಕೊಂಡರು. 1998ರಲ್ಲಿ ರಗ್ಬಿ ಮಂಡಲಿಯ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಕರೆ ಬಂದಾಗ, ಅಧ್ಯಕ್ಷ ಪದವಿಯಲ್ಲಿದ್ದಾಗಲೇ ಪ್ರಿಟೋರಿಯದ ನ್ಯಾಯಾಲಯಕ್ಕೆ ಹೋಗಿ ಪಾಟೀಸವಾಲಿಗೆ ಉತ್ತರಿಸಿದರು. 1999ರಲ್ಲಿ, ಒಂದೇ ಅವಧಿ ಮುಗಿಸಿ, ಕುರ್ಚಿಯಿಂದ ಎದ್ದು ಹೋದರು.

ಈಗ ಆ ಎರಡು ಹೆಸರುಗಳು. ಜುಮಾ 2009ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಮೊಸೆನೆಕೆ ಆ ವೇಳೆಗಾಗಲೇ ದೇಶದ ಉಪ ಮುಖ್ಯ ನ್ಯಾಯಮೂರ್ತಿ. ಅಧ್ಯಕ್ಷರ ಹುಟ್ಟೂರಾದ ಎನ್‌ಕಾಂಡ್ಲಾದ ಮನೆಗೆ ಭದ್ರತೆಯ ಹೆಸರಿನಲ್ಲಿ ಸರಕಾರದ ಹಣ ಹರಿದಾಗ, ಸಾರ್ವಜನಿಕ ರಕ್ಷಕಿ ತುಲಿ ಮದೊನ್ಸೆಲಾ 2014ರಲ್ಲಿ ತನಿಖಾ ವರದಿ ಕೊಟ್ಟರು. ಈಜುಕೊಳ, ದನದ ದೊಡ್ಡಿ, ಕೋಳಿಗೂಡು ಇವು ಭದ್ರತೆಯ ಲೆಕ್ಕಕ್ಕೆ ಸೇರುವುದಿಲ್ಲ, ಒಂದು ಪಾಲನ್ನು ಮರಳಿಸಬೇಕೆಂದರು. ಅಧ್ಯಕ್ಷರು ಕಿವಿಗೊಡಲಿಲ್ಲ. 2016ರ ಮಾರ್ಚ್ 31ರಂದು ಸಂವಿಧಾನ ನ್ಯಾಯಾಲಯ, ಅಧ್ಯಕ್ಷರು ಸಂವಿಧಾನವನ್ನು ಎತ್ತಿಹಿಡಿಯಲು ತಪ್ಪಿದ್ದಾರೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಪೀಠದಲ್ಲಿ ಮೊಸೆನೆಕೆಯವರಿದ್ದರು. ದ್ವೀಪದ ಒಂದೇ ಆಟದ ಸಂಘದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ನ್ಯಾಯಪೀಠದಲ್ಲಿ, ಇನ್ನೊಬ್ಬರು ಪ್ರತಿವಾದಿಯ ಸ್ಥಾನದಲ್ಲಿ! ಅದರ ಬೆನ್ನಿಗೇ ಮುದಿವಯಸ್ಸಿನ ಕಥ್ರಾಡಾ, ತಮ್ಮ ಪಕ್ಷದವರೇ ಆದ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು ಪದವಿ ತ್ಯಜಿಸುವಂತೆ ಕೋರಿದರು. ಅಂದು ಅವರು ಇಳಿಯಲಿಲ್ಲ. ಹಣವನ್ನು ಮಾತ್ರ ಮರಳಿಸಬೇಕಾಯಿತು. 2018ರಲ್ಲಿ ಪಕ್ಷದ ಒತ್ತಡಕ್ಕೆ ಮಣಿದು ರಾಜೀನಾಮೆ ಕೊಟ್ಟರು. 2021ರಲ್ಲಿ, ವಿಚಾರಣಾ ಆಯೋಗದ ಮುಂದೆ ಹಾಜರಾಗಬೇಕೆಂಬ ಆದೇಶವನ್ನು ಮೀರಿದ್ದಕ್ಕಾಗಿ, ಅದೇ ನ್ಯಾಯಾಲಯ ಅವರಿಗೆ ಹದಿನೈದು ತಿಂಗಳ ಸಜೆ ವಿಧಿಸಿತು. ಆ ಬಳಿಕ ಎದ್ದ ದೊಂಬಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಈ ಕಥೆಯಲ್ಲಿ ಸಂತೋಷಪಡುವಂಥದ್ದು ಏನೂ ಇಲ್ಲ.

ಹಾಗಾದರೆ ದ್ವೀಪದ ಶಾಲೆ ಸೋತಿತೇ? ನಾನು ಹಾಗೆ ತಿಳಿಯುವುದಿಲ್ಲ. ಯಾವ ಶಾಲೆಯೂ ಎಲ್ಲರನ್ನೂ ಸಜ್ಜನರನ್ನಾಗಿ ಮಾಡಲಾರದು. ತೀರ್ಪುಗಾರನ ಸೀಟಿ ಹಿಡಿದವನೇ ಮುಂದೊಂದು ದಿನ ತೀರ್ಪಿಗೆ ಕಿವುಡಾಗಬಹುದು. ಇದನ್ನು ಬಲ್ಲ ಜನ ನಾಯಕರ ಒಳ್ಳೆಯತನವೊಂದನ್ನೇ ನೆಚ್ಚಿ ಕೂರುವುದಿಲ್ಲ. ತಪ್ಪಿದ ನಾಯಕನನ್ನು ಕೇಳುವ ವ್ಯವಸ್ಥೆಯನ್ನೂ, ಕೇಳುವ ಧೈರ್ಯವುಳ್ಳ ಜನರನ್ನೂ ಬೆಳೆಸುತ್ತಾರೆ. ಮದೊನ್ಸೆಲಾ, ಮೊಸೆನೆಕೆ, ಕಥ್ರಾಡಾ ಆ ಧೈರ್ಯ ತೋರಿದವರು. ನಾಯಕನಾಗುವವನಿಗೆ ಕಲಿಸುವಷ್ಟೇ ಶ್ರದ್ಧೆಯಿಂದ, ನಾಯಕನನ್ನು ಪ್ರಶ್ನಿಸುವವನಿಗೂ ಕಲಿಸಬೇಕೆಂಬುದು ನಾನು ಕಂಡುಕೊಂಡ ಉತ್ತರ.

ಇಷ್ಟು ದೂರದ ಮಾತನ್ನು ಆಡಿದ ಮೇಲೆ ಹತ್ತಿರದ ಒಂದು ಮಾತನ್ನು ಹೇಳದೆ ಕುಳಿತರೆ ಅದು ಅಪ್ರಾಮಾಣಿಕತೆಯಾದೀತು. ಒಂದು ಕಾಲಕ್ಕೆ ನಾನೂ ನಮ್ಮಂಥದೇ ಒಂದು ಸಂಘಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಒಂದು ವಾರ್ಷಿಕ ಮಹಾಸಭೆಯಲ್ಲಿ ಹೊಸದಾಗಿ ಸದಸ್ಯನಾಗಿದ್ದ ಹುಡುಗನೊಬ್ಬ ಎದ್ದು ನಿಂತು, ಕಟ್ಟಡ ನಿಧಿಯ ಲೆಕ್ಕದಲ್ಲಿ ಒಂದು ಬಾಬತ್ತನ್ನು ವಿವರಿಸಿ ಎಂದು ಕೇಳಿದ. ನಾನು ನಗುತ್ತ, "ತಮ್ಮಾ, ಊಟಕ್ಕೆ ಹೊತ್ತಾಯಿತು, ಹೋಳಿಗೆ ಆರುತ್ತದೆ" ಎಂದೆ. ಸಭೆ ನಕ್ಕಿತು. ಚಪ್ಪಾಳೆಯೊಂದಿಗೆ ಲೆಕ್ಕ ಮಂಜೂರಾಯಿತು. ಮನೆಗೆ ಹೋಗಿ ಪುಸ್ತಕ ತೆರೆದು ನೋಡಿದೆ. ಹುಡುಗ ಹೇಳಿದ್ದು ಸರಿಯಾಗಿತ್ತು. ಒಂದು ಮೊತ್ತವನ್ನು ನಾನು ಎರಡು ಕಡೆ ಬರೆದಿದ್ದೆ. ದುಡ್ಡು ಎಲ್ಲಿಯೂ ಹೋಗಿರಲಿಲ್ಲ, ಬರೆದದ್ದು ಮಾತ್ರ ತಪ್ಪು. ತಿದ್ದಿದೆ. ಆದರೆ ಮುಂದಿನ ಸಭೆಯಲ್ಲಿ ಅದನ್ನು ಹೇಳಲಿಲ್ಲ. ಆ ಹುಡುಗ ಮತ್ತೆಂದೂ ಸಂಘದ ಮೆಟ್ಟಿಲು ಹತ್ತಲಿಲ್ಲ. ಹೊರನಾಡಿನಲ್ಲಿ ಯುವಕರು ಸಂಘದಿಂದ ದೂರವಾಗುತ್ತಿದ್ದಾರೆ, ಕನ್ನಡ ಮರೆಯುತ್ತಿದ್ದಾರೆ ಎಂದು ಅನಂತರ ನಾನು ಎಷ್ಟೋ ವೇದಿಕೆಗಳ ಮೇಲೆ ಮರುಗಿದ್ದೇನೆ. ಮರುಗುವಾಗಲೆಲ್ಲ ಅವನ ಮುಖ ಎದುರಿಗೆ ಬರುತ್ತದೆ. ಬಂದಿದ್ದವನೊಬ್ಬನನ್ನು ಹೊರಗಟ್ಟಿದವನು ನಾನೇ.

ಸೆರೆಮನೆಯ ಕೈದಿಗಳು ಒಂದು ಗೋಲಿಗಾಗಿ ತಿಂಗಳುಗಟ್ಟಲೆ ವಾದ ಆಲಿಸಿದರು. ನನಗೆ ಹತ್ತು ನಿಮಿಷ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ.

ಆದ್ದರಿಂದ ಯುವಮಿತ್ರರೇ, ಈ ಶಿಬಿರದಲ್ಲಿ ನೀವು ಭಾಷಣಕಲೆಯನ್ನು ಕಲಿಯಿರಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ನಡಾವಳಿ ಬರೆಯುವುದನ್ನು ಕಲಿಯಿರಿ. ಲೆಕ್ಕ ಓದುವುದನ್ನು, ಸೋತ ಪಕ್ಷದ ಮಾತನ್ನು ಪೂರ್ತಿಯಾಗಿ ಕೇಳುವುದನ್ನು, ಅವಧಿ ಮುಗಿದಾಗ ಕುರ್ಚಿ ಬಿಡುವುದನ್ನು ಕಲಿಯಿರಿ. ಹಿರಿಯರಾದ ನಮ್ಮಲ್ಲಿ ನನ್ನದೊಂದು ಬಿನ್ನಹ: ಬರುವ ಮಹಾಸಭೆಯಲ್ಲಿ ಇವರಲ್ಲಿ ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದರೆ, ದಯವಿಟ್ಟು ಊಟವನ್ನು ಸ್ವಲ್ಪ ತಡವಾಗಿ ಬಡಿಸಿ.