ಗರ್ಭನಿರೋಧಕ ಮಾತ್ರೆಯೂ ಇತರ ಔಷಧಗಳೂ
(ಕೆಂಗೇರಿಯ ಸುತ್ತಲಿನ ಗ್ರಾಮಗಳ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ಈ ಕಡೆಯ ಹಳ್ಳಿಯ ತಾಯಿಯೊಬ್ಬರು ನನ್ನ ಬಳಿಗೆ ಬಂದಿದ್ದರು. ಎರಡು ಮಕ್ಕಳಾದ ಬಳಿಕ ಅವರು ಮಾಲಾ-ಎನ್ ಮಾತ್ರೆಯನ್ನು ಒಂದು ದಿನವೂ ತಪ್ಪದೆ ಸೇವಿಸುತ್ತಿದ್ದರು. ಆದರೂ ಗರ್ಭ ನಿಂತಿತ್ತು. "ನೀನೇ ಮರೆತಿರಬೇಕು" ಎಂದು ಪತಿಯ ಆಕ್ಷೇಪಣೆ. "ಸರ್ಕಾರದ ಮಾತ್ರೆಯೇ ಸರಿಯಿಲ್ಲ" ಎಂದು ಅತ್ತೆಯವರ ದೂರು. ವಿಚಾರಿಸಿದಾಗ, ಆಕೆಗೆ ಕ್ಷಯರೋಗದ ಚಿಕಿತ್ಸೆ ನಡೆಯುತ್ತಿದ್ದುದು ತಿಳಿಯಿತು. ತಪ್ಪು ಆಕೆಯದೂ ಅಲ್ಲ, ಮಾತ್ರೆಯದೂ ಅಲ್ಲ. ಎರಡು ಔಷಧಗಳು ಒಂದೇ ದೇಹದಲ್ಲಿ ಕೂಡಿದ್ದನ್ನು ಯಾರೂ ಗಮನಿಸಿರಲಿಲ್ಲ.

ಮಾಲಾ-ಎನ್ ಪೊಟ್ಟಣದ 28 ಮಾತ್ರೆಗಳ ಪೈಕಿ 21ರಲ್ಲಿ ಹಾರ್ಮೋನುಗಳೂ 7ರಲ್ಲಿ ಕಬ್ಬಿಣದ ಅಂಶವೂ ಇರುತ್ತವೆ. ಈ ಹಾರ್ಮೋನುಗಳನ್ನು ಪಿತ್ತಜನಕಾಂಗವು ನಿಧಾನವಾಗಿ ಕರಗಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವು ಆ ಕೆಲಸವನ್ನು ತೀವ್ರಗೊಳಿಸುವುದರಿಂದ ಗರ್ಭವನ್ನು ತಡೆಯುವಷ್ಟು ಹಾರ್ಮೋನು ರಕ್ತದಲ್ಲಿ ಉಳಿಯುವುದಿಲ್ಲ. ಮೂತ್ರಕ್ಕೆ ಕಿತ್ತಳೆ ಬಣ್ಣ ಬರಿಸುವ ಔಷಧವೇ ಇದು, ಗುರುತಿಟ್ಟುಕೊಳ್ಳಿ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಔಷಧಗಳೂ ಹೀಗೆಯೇ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ.

ಹಾಗೆಂದು ಕ್ಷಯದ ಅಥವಾ ಮೂರ್ಛೆಯ ಔಷಧವನ್ನು ಎಂದಿಗೂ ನಿಲ್ಲಿಸಬಾರದು. ಬದಲಿಸಬೇಕಾದುದು ಗರ್ಭನಿರೋಧದ ವಿಧಾನವನ್ನು. ನಿರೋಧ್ ಬಳಸಬಹುದು, ವಂಕಿ ಹಾಕಿಸಿಕೊಳ್ಳಬಹುದು. ಆದರೆ ಗರ್ಭಕೋಶಕ್ಕೇ ಕ್ಷಯ ತಗುಲಿದ್ದರೆ ವಂಕಿ ಸಲ್ಲದು. 3 ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದಿನ ಬಲವನ್ನು ಈ ಔಷಧಗಳು ಕುಗ್ಗಿಸುವುದಿಲ್ಲ. ಕ್ಷಯದ ಚಿಕಿತ್ಸೆ ಮುಗಿದ ಮೇಲೂ 4 ವಾರಗಳವರೆಗೆ ಮಾತ್ರೆಯೊಂದನ್ನೇ ನಂಬಬಾರದು.

ಕೆಲವರಿಗೆ ಮಾತ್ರೆಯೇ ಹಾನಿಕರ. ಅಧಿಕ ರಕ್ತದೊತ್ತಡ, ಹೃದ್ರೋಗ, ಪಿತ್ತಜನಕಾಂಗದ ಕಾಯಿಲೆ, ಸ್ತನ ಕ್ಯಾನ್ಸರ್ ಇರುವವರು, ಪಾರ್ಶ್ವವಾಯು ಅಥವಾ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದವರು, ಕಣ್ಣ ಮುಂದೆ ಮಿಂಚು ಕಾಣಿಸಿ ಅರೆತಲೆನೋವು ಬರುವವರು, 35 ವರ್ಷ ದಾಟಿ ಬೀಡಿ ಸೇದುವವರು, 6 ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಇದನ್ನು ಸೇವಿಸಬಾರದು. ಮಾತ್ರೆ ಸೇವಿಸುತ್ತಿರುವಾಗ ಒಂದು ಕಾಲು ಬಾತು ನೋಯುವುದು, ಎದೆನೋವು, ಉಸಿರಾಟದ ಕಷ್ಟ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡುಬಂದರೆ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು.

ಆದುದರಿಂದ ನನ್ನ ವಿನಂತಿ ಒಂದೇ. ಯಾವ ವೈದ್ಯರ ಬಳಿಗೆ ಹೋದರೂ ಮನೆಯಲ್ಲಿರುವ ಎಲ್ಲ ಔಷಧಗಳ ಪೊಟ್ಟಣಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಗರ್ಭನಿರೋಧಕ ಮಾತ್ರೆಯನ್ನು ಹೇಳಲು ಸಂಕೋಚ ಬೇಡ, ಅದೂ ಔಷಧವೇ. ಹಾಗೆಯೇ ಕ್ಷಯ, ಮೂರ್ಛೆಗಳನ್ನು ಆಶಾ ಕಾರ್ಯಕರ್ತೆಯಿಂದ ಮುಚ್ಚಿಡಬೇಡಿ.

ಗಂಡಸರಿಗೆ ಒಂದು ಮಾತು. ಆ ತಾಯಿಯ ಪತಿ ಮುಂದಿನ ಬಾರಿ ತಾವೂ ಜೊತೆಗೆ ಬಂದು, ಎಲ್ಲವನ್ನೂ ಕೇಳಿ ತಿಳಿದು, "ಸುಮ್ಮನೆ ಅವಳನ್ನು ಬೈದೆ" ಎಂದರು. ಬೈಯುವ ಮುನ್ನವೇ ಜೊತೆಗೆ ಬನ್ನಿ. ಸಂಸಾರ ಇಬ್ಬರದು, ಅದರ ಯೋಜನೆಯೂ ಇಬ್ಬರದಾಗಲಿ.