ಕಳ್ಳ ಒಳಗೇ ಕೂತಿದ್ದ!



ನಾನು ವೇದಿಕೆಯ ಮನುಷ್ಯನಲ್ಲ. ಪಿಯುಸಿ ಮುಗಿಸಿದವನೇ ಅಪ್ಪನ ಪ್ರೆಸ್ಸಿಗೆ ಬಂದು ಟ್ರೆಡಲ್ ಮಿಷನ್ ಮುಂದೆ ನಿಂತವನು. ಇವತ್ತು ತಮಿಳು ಸಿನಿಮಾದ ಮಾತು ಎತ್ತುತ್ತೇನೆ ಅಂದಕೂಡಲೇ ಮುಂದಿನ ಸಾಲಿನಲ್ಲಿ ನಾಲ್ಕು ಜನ ಹುಬ್ಬು ಗಂಟಿಕ್ಕಿದ್ದೀರಿ. ಸ್ವಲ್ಪ ತಾಳಿ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಚಿತ್ರದ ಹೆಸರು 'ತುಣಿವು'. ಧೈರ್ಯ ಅಂತ ಅರ್ಥ. 2023ರ ಜನವರಿ 11ರಂದು, ಸಂಕ್ರಾಂತಿಯ ಹೊತ್ತಿಗೆ, ವಿಜಯ್ ಅವರ 'ವಾರಿಸು' ತೆರೆಕಂಡ ದಿನವೇ ಬಂತು. ಅಜಿತ್ ಕುಮಾರ್ ನಾಯಕ, ಎಚ್. ವಿನೋದ್ ನಿರ್ದೇಶಕ. ಚೆನ್ನೈನ ಒಂದು ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ. ನೋಡಿದರೆ, ಅವರಿಗಿಂತ ದೊಡ್ಡ ಕಳ್ಳ ಮೊದಲೇ ಒಳಗೆ ಬಂದು ಕೂತಿದ್ದಾನೆ! ಬಿಳಿಗಡ್ಡದ ಅಜಿತ್. ಆಮೇಲೆ ಗುಂಡೋ ಗುಂಡು. ಆ ಸದ್ದಿಗೆ ನನ್ನ ಆಫ್‌ಸೆಟ್ ಮಿಷನ್ನೇ ವಾಸಿ. ತರ್ಕ ಹುಡುಕಲು ಹೋಗಬೇಡಿ. ಬರೀ ಕಳ್ಳತನದ ಕಥೆ ಬೇಕಾದರೆ 2011ರ 'ಮಂಕಾತ್ತಾ' ನೋಡಿ. ಇದೇ ಅಜಿತ್ ಬೆಟ್ಟಿಂಗ್ ದುಡ್ಡು ದೋಚುವ ಚಿತ್ರ. ಅದು ಇದಕ್ಕಿಂತ ಬಿಗಿ.

ಅಭಿಮಾನದ ಕಥೆಯನ್ನೂ ಹೇಳಿಬಿಡುತ್ತೇನೆ. 'ತುಣಿವು' ಬಿಡುಗಡೆಯ ದಿನ ಚೆನ್ನೈನಲ್ಲಿ ಒಬ್ಬ ಹುಡುಗ ಸಂಭ್ರಮದಲ್ಲಿ ಲಾರಿ ಹತ್ತಿ, ಅದು ಚಲಿಸುತ್ತಿರುವಾಗಲೇ ಕೆಳಗೆ ಧುಮುಕಿ ಸತ್ತ. ಅಜಿತ್ 2011ರಲ್ಲೇ ತಮ್ಮ ಅಭಿಮಾನಿ ಸಂಘಗಳನ್ನು ವಿಸರ್ಜಿಸಿದ್ದರು. ನನ್ನನ್ನು 'ತಲ' ಎಂದು ಕರೆಯಬೇಡಿ ಎಂದು 2021ರಲ್ಲಿ ಕೇಳಿಕೊಂಡರು. ನಟನೇ ಬೇಡ ಅಂದರೂ ಬಿಡುವವರುಂಟೆ? ಇದನ್ನು ಹೇಳುವ ಯೋಗ್ಯತೆ ನನಗೂ ಕಡಿಮೆ. ನಮ್ಮ ನಟರ ಹುಟ್ಟುಹಬ್ಬದ ಪೋಸ್ಟರ್ ಹೊಡೆದು ಬದುಕುವವನು ನಾನು.

ಚಿತ್ರದ ದ್ವಿತೀಯಾರ್ಧಕ್ಕೆ ಬರೋಣ. ಅಲ್ಲಿ ಬಂದೂಕು ಹಿಡಿದವನಿಗಿಂತ ಕೋಟು ತೊಟ್ಟವನೇ ಕಳ್ಳ. ನಂಬಿ ಬಂದ ಗಿರಾಕಿಗಳ ಉಳಿತಾಯವನ್ನು ಸಿಬ್ಬಂದಿ ನಯವಾಗಿ ಮಾತಾಡಿ ಒಂದು ಫಂಡಿಗೆ ಹಾಕಿಸುತ್ತಾರೆ. ದುಡ್ಡು ಮುಳುಗುತ್ತದೆ. ವಿನೋದ್ ಅವರಿಗೆ ಇದು ಹಳೇ ಗೀಳು. 2014ರ ಅವರ 'ಸದುರಂಗ ವೇಟ್ಟೈ' ಕೂಡ ಜನರ ಆಸೆಯನ್ನೇ ಬಂಡವಾಳ ಮಾಡಿಕೊಂಡ ಮೋಸಗಾರನ ಕಥೆ. ಮ್ಯೂಚುವಲ್ ಫಂಡೇ ಕಳ್ಳತನ ಅಂತ ನಾನು ಹೇಳುತ್ತಿಲ್ಲ. ಸಿನಿಮಾ ಅಲ್ಲಿ ಅತಿ ಮಾಡಿದೆ. ಆದರೂ ಆ ದೃಶ್ಯದಲ್ಲಿ ನನ್ನ ಬೆನ್ನು ಬೆವತಿತು. ಯಾಕೆ ಹೇಳಿ?

2018ರಲ್ಲಿ ಮಗಳ ಓದಿಗೆಂದು ಕೂಡಿಟ್ಟ 2 ಲಕ್ಷ ರೂಪಾಯಿ ಡಿಪಾಸಿಟ್ ಇಡಲು ಬ್ಯಾಂಕಿಗೆ ಹೋದೆ. ಯಾವ ಬ್ಯಾಂಕು ಅನ್ನುವುದು ಬೇಡ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. "ಡಿಪಾಸಿಟ್‌ಗಿಂತ ಇದು ಒಳ್ಳೇದು ಸಾರ್" ಅಂದರು. ಹನ್ನೊಂದು ಕಡೆ ಸಹಿ ಹಾಕಿದೆ. ಮರುವರ್ಷ ಫೋನು ಬಂತು: ಇನ್ನೂ 2 ಲಕ್ಷ ಕಟ್ಟಿ! ಅದು ಡಿಪಾಸಿಟ್ ಅಲ್ಲ, ವಿಮೆ. ಕಟ್ಟದಿದ್ದರೆ ಮೊದಲ ಕಂತೂ ಕೈಗೆ ಸಿಗುವುದಿಲ್ಲ.

ಬಿಲ್ ಬುಕ್ಕಿನ ಹಿಂದೆ ಷರತ್ತು ಹಾಕಿಸುವ ಗಿರಾಕಿ "ಅಕ್ಷರ ಇನ್ನೂ ಸಣ್ಣದು ಮಾಡಿ" ಅಂದಾಗಲೇ ಅವನ ಮನಸ್ಸು ನನಗೆ ತಿಳಿಯುತ್ತದೆ. ಜೀವನವೆಲ್ಲ ಪ್ರೂಫ್ ತಿದ್ದಿದವನು ನಾನು. ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುವವನು. ನನ್ನ ದುಡ್ಡಿನ ಕಾಗದವನ್ನೇ ಓದಲಿಲ್ಲ! ಆರು ಪಾಯಿಂಟಿನ ಇಂಗ್ಲಿಷು. ಓದಲು ಬರಲಿಲ್ಲ ಅನ್ನುವುದಕ್ಕಿಂತ, ಬರುವುದಿಲ್ಲ ಅನ್ನಲು ನಾಚಿಕೆಯಾಯಿತು. ಪಾಲಿಸಿ ಬೇಡವೆಂದು ಹಿಂತಿರುಗಿಸಲು ಆಗ 15 ದಿನ ಅವಕಾಶವಿತ್ತು. 2024ರಲ್ಲಿ ಅದನ್ನು 30 ದಿನ ಮಾಡಿದರು. ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ವರ್ಷವೇ ಕಳೆದಿತ್ತು.

2017ರಲ್ಲಿ ಇದೇ ಅಜಿತ್ ಚಿತ್ರವೊಂದು 'ಸತ್ಯದೇವ್ ಐಪಿಎಸ್' ಅಂತ ಕನ್ನಡಕ್ಕೆ ಡಬ್ ಆಗಿ ಬಂದಾಗ ಎಷ್ಟು ಗದ್ದಲ ಮಾಡಿದೆವು! ಬೇಕೋ ಬೇಡವೋ ಅಂತ ಇವತ್ತಿಗೂ ಜಗಳವಾಡೋಣ, ಅಡ್ಡಿಯಿಲ್ಲ. ಆದರೆ ಬ್ಯಾಂಕಿನಲ್ಲಿ ಗಿರಾಕಿ ಬಳಸುವ ಅಚ್ಚಿನ ಕಾಗದಗಳು ಇಂಗ್ಲಿಷ್, ಹಿಂದಿಯ ಜೊತೆ ಆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು 2015ರ ಮಾಸ್ಟರ್ ಸುತ್ತೋಲೆಯಲ್ಲೇ ಹೇಳಿತ್ತು. ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್, ಎಲ್ಲ. ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

'ತುಣಿವು' ನೋಡಿದ ಮರುವಾರ ನಾನು ಕೇಳಿದೆ. ಅದೇ ಬ್ಯಾಂಕು, ಮಗಳ ಹೆಸರಲ್ಲಿ ಖಾತೆ. "ಕನ್ನಡದ್ದು ಕೊಡಿ" ಅಂದೆ. ಕೌಂಟರಿನ ಹುಡುಗಿ ಮುಖ ಮುಖ ನೋಡಿದಳು. ಒಳಗಿನಿಂದ ಅಟೆಂಡರು ಬೀರು ತಡಕಿ ಒಂದು ಬಂಡಲು ತಂದು ಮೇಜಿನ ಮೇಲೆ ಇಟ್ಟ. ಧೂಳು ಎದ್ದಿತು. ಒಳ್ಳೆ ಕಾಗದ, ದೊಡ್ಡಕ್ಷರ, ಒಂದು ತಪ್ಪೂ ಇಲ್ಲದ ಕನ್ನಡ. ಯಾವನೋ ನನ್ನಂಥವನು ಕಣ್ಣಿಟ್ಟು ಪ್ರೂಫ್ ನೋಡಿ ಹೊಡೆದದ್ದು. ಪ್ರೆಸ್ಸಿನವರು ಕಟ್ಟಿದ್ದ ದಾರವನ್ನು ಯಾರೂ ಬಿಚ್ಚಿರಲಿಲ್ಲ.