ಫಲ ಕೊಡುವ ಬಂಡೆ

ಮಕ್ಕಳೇ, ಐರ್ಲೆಂಡಿನ ಪಶ್ಚಿಮ ಅಂಚಿನ ಕ್ಲೇರ್ ಸೀಮೆಯಲ್ಲಿ ಬರನ್ ಎಂಬ ಕಲ್ಲುನಾಡಿದೆ. ಎತ್ತ ನೋಡಿದರೂ ಬೂದುಬಣ್ಣದ ಬೋಳುಗುಡ್ಡ. ಅವುಗಳ ನಡುವಿನ ಹಸಿರು ಕಣಿವೆಯಲ್ಲಿ ಒಂದು ಪಾಳುಬಿದ್ದ ಕ್ರೈಸ್ತ ಮಠ ನಿಂತಿದೆ. ಅದರ ಹೆಸರು ಕಾರ್ಕಮ್ರೋ. ಚಾವಣಿ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಆದರೆ ಕಂಬಗಳ ತಲೆಯಲ್ಲಿ ಕಲ್ಲಿನ ಹೂಗಳು ಇನ್ನೂ ಬಾಡಿಲ್ಲ.

ಆ ಹೂಗಳ ಬಗ್ಗೆ ಅಲ್ಲಿಯವರು ಹೇಳುವ ಕಥೆ ಕೇಳಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಐವರು ಕಲ್ಲುಕುಟಿಗರು ಈ ಮಠ ಕಟ್ಟಿದರಂತೆ. ಇಷ್ಟು ಚೆಂದದ್ದನ್ನು ಅವರು ಬೇರೆಲ್ಲೂ ಕಟ್ಟಬಾರದೆಂದು ರಾಜ ಕಾನರ್ ಓಬ್ರಿಯನ್ ಐವರನ್ನೂ ಕೊಲ್ಲಿಸಿದನಂತೆ!

ಸ್ವಲ್ಪ ಲೆಕ್ಕ ಹಾಕೋಣ. ಆ ಕೆತ್ತನೆ 1200 ದಾಟಿದ ಮೊದಲ ವರ್ಷಗಳದ್ದು. ಕಾನರ್ ಪಟ್ಟಕ್ಕೆ ಬಂದದ್ದು 1242ರಲ್ಲಿ. ಅಂದಮೇಲೆ ಪಾಪ, ಆ ಕೊಲೆಯನ್ನು ಅವನ ತಲೆಗೆ ಕಟ್ಟುವುದು ಕಷ್ಟ. ಹಾಗಾದರೆ ಕಥೆ ಹುಟ್ಟಿದ್ದು ಹೇಗೆ? ಗೋಡೆಗಳನ್ನು ನೋಡಿ. ಪೂರ್ವದ ತುದಿಯಲ್ಲಿ ನವಿರಾದ ಕುಸುರಿ, ಪಶ್ಚಿಮಕ್ಕೆ ಬರಬರುತ್ತಾ ಬರೀ ಒರಟು ಕೆಲಸ. ನಡುವೆ ಮಠದ ಹಣ ಕರಗಿರಬೇಕು ಎನ್ನುತ್ತಾರೆ ಬಲ್ಲವರು. ನೋಡಿದ ಜನಕ್ಕೆ ಮಾತ್ರ ಕುಶಲ ಕೈಗಳೇ ಥಟ್ಟನೆ ಮಾಯವಾದಂತೆ ಕಂಡಿರಬಹುದು ಎಂದು ನನಗನ್ನಿಸುತ್ತದೆ.

ಸನ್ಯಾಸಿಗಳು ಮಠಕ್ಕೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರು ನನಗೆ ಇನ್ನೂ ಇಷ್ಟ: ‘ಫಲವತ್ತಾದ ಬಂಡೆಯ ಸಂತ ಮರಿಯಮ್ಮ’. ಬಂಡೆ ಎಲ್ಲಾದರೂ ಫಲ ಕೊಡುತ್ತದೆಯೇ?

ಬರನ್ನಿನ ಬಂಡೆ ಸುಣ್ಣದ ಕಲ್ಲು. ಸುಮಾರು 33 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ, ಆಳವಿಲ್ಲದ ಕಡಲಿತ್ತು. ಸತ್ತ ಹವಳಗಳು, ಚಿಪ್ಪುಗಳು ತಳದಲ್ಲಿ ಪದರಪದರವಾಗಿ ಕೂತು ಕಲ್ಲಾದವು. ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪಿನಲ್ಲಿರುವುದೂ ಇದೇ ಸುಣ್ಣದ ಪದಾರ್ಥ; ಹುಳಿ ತಾಗಿದರೆ ಅದು ಕರಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರಿಗೂ ಚೂರು ಹುಳಿಗುಣ ಬರುತ್ತದೆ. ಅದು ಸಾವಿರಾರು ವರ್ಷ ಸುರಿದು ಸುರಿದು ಬಂಡೆಯಲ್ಲಿ ಉದ್ದುದ್ದ ಸೀಳು ಕೊರೆದಿದೆ. ಸೀಳಿನೊಳಗೆ ತೇವವಿದೆ, ಚೂರು ಮಣ್ಣಿದೆ, ಕಡಲಗಾಳಿಯ ಹೊಡೆತವಿಲ್ಲ. ಜರಿಗಿಡಗಳು ಅಲ್ಲಿ ನೆಮ್ಮದಿಯಾಗಿ ಬೆಳೆಯುತ್ತವೆ. ಮೇಲಿನ ತೆಳುಮಣ್ಣಿನಲ್ಲಿ ವಸಂತ ಬಂದರೆ ಕಡುನೀಲಿ ಜೆನ್ಶಿಯನ್ ಹೂ.

ಬೇರೆ ಕಡೆ ಚಳಿಗಾಲಕ್ಕೆ ದನಗಳನ್ನು ಗುಡ್ಡದಿಂದ ಕೆಳಗಿಳಿಸುತ್ತಾರೆ. ಬರನ್ನಿನ ರೈತರು ಮೇಲಕ್ಕೆ ಹತ್ತಿಸುತ್ತಾರೆ! ಬೇಸಿಗೆಯಿಡೀ ಬಿಸಿಲು ಕುಡಿದ ಕಲ್ಲು ಆ ಕಾವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ; ನೀರು ಸೀಳುಗಳಲ್ಲಿ ಇಳಿದುಹೋಗಿ ನೆಲ ಒಣಗಿರುತ್ತದೆ. ಮಠದ ಕಣಿವೆ ಚಳಿಗೆ ಮುದುಡಿ ಕೂತಾಗ, ಮೇಲೆ ಬಂಡೆಗಳ ನಡುವೆ ದನಗಳು ಹುಲ್ಲು ಮೇಯುತ್ತಿರುತ್ತವೆ.